ತುಟಿಗೆ ಹೊಲಿಗೆ ಬಿದ್ದ ಮೇಲೆ ಮತ್ತೆ ಟ್ರಂಪೆಟ್

4ನೇ ದಿನ

ಕೆಳತುಟಿಯ ಒಳಗೆ ನಾಲ್ಕು ಹೊಲಿಗೆಗಳಿವೆ. ಬಿಸಿ ಬೇಡ, ಖಾರ ಬೇಡ, ಹೆಚ್ಚು ಮಾತು ಬೇಡ ಎಂದಿದ್ದಾರೆ. ಆರಿದ ಗಂಜಿ, ಮಜ್ಜಿಗೆ, ಮೆತ್ತಗೆ ಕಲಸಿದ ಅನ್ನದಲ್ಲಿ ದಿನ ಕಳೆಯುತ್ತಿದೆ. ಟ್ರಂಪೆಟ್ಟಿನ ಪೆಟ್ಟಿಗೆಯನ್ನು ಅಮ್ಮ ಬೀರುವಿನ ಮೇಲಕ್ಕೆ ಏರಿಸಿದ್ದಾಳೆ. ಇಪ್ಪತ್ತೆರಡು ವರ್ಷಗಳಲ್ಲಿ ನಾಲ್ಕು ದಿನ ಒಟ್ಟಿಗೆ ನಾನು ಅದನ್ನು ಮುಟ್ಟದೆ ಇದ್ದದ್ದು ಇದೇ ಮೊದಲು.

ಆಪರೇಷನ್ನಿಗೆ ಮುಂಚೆ, ಹೀಗೆ ಆದವರು ಕನ್ನಡದಲ್ಲಿ ಏನಾದರೂ ಬರೆದಿದ್ದಾರೆಯೇ ಎಂದು ಹಲವು ರಾತ್ರಿ ಹುಡುಕಿದೆ. ನನಗೆ ಏನೂ ಸಿಗಲಿಲ್ಲ. ಮದುವೆ, ಮೆರವಣಿಗೆ, ಚರ್ಚಿನ ಹಬ್ಬಗಳಲ್ಲಿ ಊದುವವರು ನಮ್ಮ ಮೈಸೂರಿನಲ್ಲೇ ಎಷ್ಟೋ ಜನ ಇದ್ದಾರೆ. ಅವರಲ್ಲಿ ಯಾರಿಗಾದರೂ ಉಪಯೋಗವಾಗಲಿ ಎಂದು, ಆದದ್ದನ್ನು ಆದಂತೆ ಬರೆದಿಡುತ್ತೇನೆ.

ಕಳೆದ ಚಳಿಗಾಲದಲ್ಲಿ ಕೆಳತುಟಿಯ ಒಳಗೆ, ನಡುವಿನಿಂದ ಸ್ವಲ್ಪ ಎಡಕ್ಕೆ, ನೀಲಿ ಛಾಯೆಯ ಮೆತ್ತನೆಯ ಗುಳ್ಳೆಯೊಂದು ಎದ್ದಿತು. ನೋವಿರಲಿಲ್ಲ. ಒಂದು ದಿನ ಒಡೆಯಿತು, ಹೋಯಿತು ಎಂದುಕೊಂಡೆ. ಎರಡು ವಾರಕ್ಕೆ ಮತ್ತೆ ತುಂಬಿಕೊಂಡಿತು. ಮೂರು ಸಲ ಹೀಗಾಯಿತು. ಮದುವೆಗಳ ಕಾಲ, ಒಪ್ಪಿಕೊಂಡ ಕಾರ್ಯಕ್ರಮಗಳನ್ನು ಬಿಡುವಂತಿರಲಿಲ್ಲ. ಟ್ರಂಪೆಟ್ಟಿನ ತುದಿಗೆ ಸಿಕ್ಕಿಸಿ ತುಟಿಗಿಡುವ ಪುಟ್ಟ ಬಟ್ಟಲಿನಂಥ ಮೌತ್‌ಪೀಸನ್ನು ಗುಳ್ಳೆಯ ಮೇಲೆಯೇ ಒತ್ತಿ ಊದಿದೆ. ಕೊನೆಗೆ ವೈದ್ಯರು ಅದರ ಹೆಸರು ಹೇಳಿದರು: ಮ್ಯೂಕೋಸೀಲ್. ತುಟಿಯ ಒಳಪದರದ ಕೆಳಗೆ ಚಿಕ್ಕ ಚಿಕ್ಕ ಲಾಲಾಗ್ರಂಥಿಗಳಿರುತ್ತವೆ. ಕಚ್ಚಿಕೊಂಡೋ, ಪೆಟ್ಟು ಬಿದ್ದೋ ಅವುಗಳ ನಾಳ ಹರಿದರೆ ಜೊಲ್ಲು ಹೊರಬರುವ ದಾರಿ ಕಾಣದೆ ಒಳಗೇ ಶೇಖರವಾಗುತ್ತದೆ. ಗುಳ್ಳೆಯನ್ನು ಒಡೆದರೆ ಸಾಲದು, ಆ ಗ್ರಂಥಿಯನ್ನೂ ತೆಗೆಯಬೇಕು. ಇಲ್ಲದಿದ್ದರೆ ಮರುಕಳಿಸುತ್ತದೆ. ನನ್ನದು ಆಳದಲ್ಲಿ ಕುಳಿತಿತ್ತು. ತುಟಿಯನ್ನಷ್ಟೇ ಮರಗಟ್ಟಿಸಿ, ಕತ್ತರಿಸಿ ತೆಗೆದು ಹೊಲಿದರು.

ನನ್ನ ಕೆಳಗಿನ ಮುಂಹಲ್ಲೊಂದು ಓರೆ. ಆ ಹಲ್ಲಿನ ಚೂಪು ಮೂಲೆ ಒಂದು ಕಡೆ, ಮೌತ್‌ಪೀಸಿನ ಅಂಚು ಇನ್ನೊಂದು ಕಡೆ. ನಡುವೆ ನನ್ನ ತುಟಿ ಇಷ್ಟು ವರ್ಷ ಅಡಕತ್ತರಿಗೆ ಸಿಕ್ಕ ಅಡಕೆಯಂತೆ ಇತ್ತು. ಮದುವೆಯ ರಾತ್ರಿ ಮನೆಗೆ ಬಂದರೆ ತುಟಿಯ ಮೇಲೆ ಮೌತ್‌ಪೀಸಿನ ದುಂಡನೆಯ ಗುರುತು ಬೆಳಗಿನವರೆಗೂ ಉಳಿಯುತ್ತಿತ್ತು. ಕಷ್ಟಪಟ್ಟು ದುಡಿದ ಗುರುತು ಎಂದೇ ನಾನು ಅದನ್ನು ನೋಡುತ್ತಿದ್ದೆ. ಹಲ್ಲಿನ ಆ ಮೂಲೆಯನ್ನು ಕಳೆದ ತಿಂಗಳು ಉಜ್ಜಿಸಿ ನಯ ಮಾಡಿಸಿದ್ದೇನೆ. ಒತ್ತುವ ಅಭ್ಯಾಸವನ್ನು ಉಜ್ಜಿ ತೆಗೆಯುವವರು ಯಾರೂ ಇಲ್ಲ, ಅದನ್ನು ನಾನೇ ಬಿಡಬೇಕು.

11ನೇ ದಿನ

ಎರಡು ಹೊಲಿಗೆಗಳು ತಾವಾಗಿ ಕರಗಿ ಉದುರಿದವು. ಆರು ವಾರ ವಾದ್ಯ ಮುಟ್ಟುವಂತಿಲ್ಲ. ಮತ್ತೆ ಊದಬಲ್ಲೆನೇ ಎಂದು ವೈದ್ಯರನ್ನು ಕೇಳಿದೆ. "ಗಾಯ ಮಾಯುತ್ತದೆ. ಸ್ಪರ್ಶ ಪೂರ್ತಿ ಮರಳುತ್ತದೆಯೋ ಇಲ್ಲವೋ ಈಗಲೇ ಹೇಳಲಾರೆ" ಎಂದರು. ಸುಳ್ಳು ಸಮಾಧಾನ ಹೇಳಲಿಲ್ಲವಲ್ಲ, ಅದಕ್ಕೆ ಅವರ ಮೇಲೆ ಗೌರವ ಹೆಚ್ಚಿತು.

ಮನೆಗೆ ಬಂದ ನೆಂಟರಿಗೆ ಈ ಭಯವನ್ನು ವಿವರಿಸುವುದು ಕಷ್ಟ. "ಪೀಪಿ ಊದುವುದು ಬಿಟ್ಟರೆ ಏನಾಯಿತು, ಕೆಲಸ ಹೇಗೂ ಇದೆಯಲ್ಲ" ಎಂದರು ಚಿಕ್ಕಪ್ಪ. ಅವರಿಗೆ ನಾಗಸ್ವರದ ಉದಾಹರಣೆ ಕೊಟ್ಟೆ. ನಾಗಸ್ವರದ ತುದಿಗೆ ಜೊಂಡಿನ ಒಂದು ಪೀಪಿ ಸಿಕ್ಕಿಸುತ್ತಾರೆ. ನಡುಗುವುದು ಅದು, ನಾದ ಹುಟ್ಟುವುದು ಅಲ್ಲಿ. ಹಾಳಾದರೆ ಬದಲಿಸಲು ಇನ್ನೂ ಒಂದೆರಡನ್ನು ದಾರದಲ್ಲಿ ಕಟ್ಟಿ ವಾದ್ಯಕ್ಕೇ ತೂಗು ಹಾಕಿರುತ್ತಾರೆ. ಟ್ರಂಪೆಟ್ಟಿನಲ್ಲಿ ಅಂಥ ಪೀಪಿಯೇ ಇಲ್ಲ. ನಡುಗುವುದು ಊದುವವನ ತುಟಿ. ಸುಮಾರು ಒಂದೂವರೆ ಮೀಟರ್ ಉದ್ದದ ಹಿತ್ತಾಳೆ ಕೊಳವೆ ಆ ನಡುಕವನ್ನು ಹಿಡಿದು ದೊಡ್ಡದು ಮಾಡುತ್ತದೆ, ಅಷ್ಟೆ. ಚಿಕ್ಕಪ್ಪ ಸ್ವಲ್ಪ ಹೊತ್ತು ನನ್ನ ತುಟಿಯನ್ನೇ ನೋಡಿದರು. ಆಮೇಲೆ ಏನೂ ಹೇಳಲಿಲ್ಲ.

3ನೇ ವಾರ

ಗಾಯ ಮುಚ್ಚಿದೆ. ಒಳಗೆ ನಾಲಿಗೆ ಆಡಿಸಿದರೆ ದಾರದಂತೆ ಸಣ್ಣ ಗೆರೆ ಸಿಗುತ್ತದೆ. ಅದಕ್ಕಿಂತ ದೊಡ್ಡ ಚಿಂತೆ ಅದರ ಪಕ್ಕದ್ದು. ತುಟಿಯ ನಡುವಿನಿಂದ ಎಡಕ್ಕೆ, ಕಡಲೆಕಾಳಿನಷ್ಟು ಜಾಗದಲ್ಲಿ ಸ್ಪರ್ಶವೇ ಇಲ್ಲ. ಕಾಫಿ ಲೋಟದ ಅಂಚು ತುಟಿಯ ಮೇಲೆ ಒಂದು ಕಡೆ ಇದೆ, ನಡುವೆ ಇಲ್ಲ, ಮತ್ತೆ ಇದೆ. ಬೆರಳಿಗೆ ತುಟಿ ಸಿಗುತ್ತದೆ, ತುಟಿಗೆ ಬೆರಳು ಸಿಗುವುದಿಲ್ಲ.

ಭಾನುವಾರ ಸಂಜೆ ಅರಮನೆಯ ಕಡೆ ನಡೆದುಹೋದೆ. ದೀಪ ಹೊತ್ತುವ ಹೊತ್ತಿಗೆ ಪೊಲೀಸ್ ಬ್ಯಾಂಡ್ ನುಡಿಸುತ್ತಿತ್ತು. ಹುಡುಗುತನದಲ್ಲಿ ನನ್ನನ್ನು ಹಿಡಿದದ್ದು ಈ ಶಬ್ದವೇ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಮನಸೋತದ್ದೂ ಮೈಸೂರು ಅರಮನೆಯ ಬ್ಯಾಂಡ್ ಕೇಳಿಯೇ. ಅವರ ವಾದ್ಯ ಹಿತ್ತಾಳೆಯದಾದರೂ ಅದರಲ್ಲಿ ಜೊಂಡಿನ ಪಟ್ಟಿ ಇದೆ, ಆದ್ದರಿಂದ ಅದು ನಾಗಸ್ವರ, ಕ್ಲಾರಿನೆಟ್‌ಗಳ ಬಳಗಕ್ಕೆ ಸೇರಿದ್ದು. ನಿಂತು ಕೇಳುತ್ತಿದ್ದಾಗ ನನ್ನ ಬಲಗೈಯ ಮೂರು ಬೆರಳು ಜೇಬಿನೊಳಗೇ, ಸ್ವರ ಬದಲಿಸಲು ಟ್ರಂಪೆಟ್ಟಿನಲ್ಲಿರುವ ವಾಲ್ವ್‌ಗಳನ್ನು ಒತ್ತುವಂತೆ ಆಡುತ್ತಿದ್ದವು. ಅರ್ಧಕ್ಕೇ ಹೊರಟು ಬಂದೆ.

ಈ ವಾರ ಓದಿದ್ದು: ಅಮೆರಿಕದ ಹೆಸರಾಂತ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ 1935ರಲ್ಲಿ ತುಟಿ ಕೆಟ್ಟು ತಿಂಗಳುಗಟ್ಟಲೆ ಊದುವುದನ್ನು ನಿಲ್ಲಿಸಿದ್ದರು. ಬಾಯಿಯ ಸುತ್ತ ಉಂಗುರದಂತೆ ಇರುವ ಸ್ನಾಯು ಊದಿ ಊದಿ ಹರಿಯುವ ತೊಂದರೆಗೆ ಪ್ಲಾನಾಸ್ ಎಂಬ ಶಸ್ತ್ರವೈದ್ಯರು 1982ರಲ್ಲಿ ಆರ್ಮ್‌ಸ್ಟ್ರಾಂಗರ ಅಡ್ಡಹೆಸರಿನಿಂದಲೇ 'ಸ್ಯಾಚ್ಮೊ ಸಿಂಡ್ರೋಮ್' ಎಂದು ಕರೆದರು. ನನ್ನದು ಅದಲ್ಲ, ನನ್ನ ಸ್ನಾಯು ಗಟ್ಟಿಯಾಗಿದೆ. ಆದರೆ ಅಂಥ ತೊಂದರೆಗೆ ಒಂದು ಹೆಸರಿದೆ, ಆಪರೇಷನ್ ಆಗಿ ಮತ್ತೆ ಊದಿದವರಿದ್ದಾರೆ ಎಂದು ತಿಳಿದ ರಾತ್ರಿ ಚೆನ್ನಾಗಿ ನಿದ್ದೆ ಬಂತು.

6ನೇ ವಾರ

ಅನುಮತಿ ಸಿಕ್ಕಿತು. ದಿನಕ್ಕೆ ಐದು ನಿಮಿಷ, ಮೌತ್‌ಪೀಸ್ ಮಾತ್ರ.

ಇಷ್ಟರಲ್ಲಿ ಒಂದು ಉಪಕರಣ ಮಾಡಿಸಿಕೊಂಡೆ. ಮೇರಠ್ ಊರಿನಲ್ಲಿ ತಯಾರಾದ ನನ್ನ ಮೊದಲ ಟ್ರಂಪೆಟ್ಟಿನ ಜೊತೆ ಬಂದಿದ್ದ ಹಳೆಯ ಮೌತ್‌ಪೀಸನ್ನು ಲೇತ್ ಅಂಗಡಿಗೆ ಕೊಟ್ಟು, ಬಟ್ಟಲನ್ನು ಕತ್ತರಿಸಿ ಹಾಕಿ ಅಂಚಿನ ಉಂಗುರವನ್ನಷ್ಟೇ ಉಳಿಸಲು ಹೇಳಿದೆ. ಒಳವ್ಯಾಸ 16 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಹಿಡಿದುಕೊಳ್ಳಲು ಒಂದು ಕಡ್ಡಿಯನ್ನು ಬೆಸೆದುಕೊಟ್ಟರು. ಇದನ್ನು ತುಟಿಗಿಟ್ಟು ಕನ್ನಡಿಯ ಮುಂದೆ ನಿಂತರೆ, ಬಟ್ಟಲಿನ ಒಳಗೆ ಮುಚ್ಚಿಹೋಗುತ್ತಿದ್ದ ಭಾಗ ಕಣ್ಣಿಗೆ ಕಾಣುತ್ತದೆ. ಇಷ್ಟು ವರ್ಷ ಊದಿದ ತುಟಿಯನ್ನು ನಾನು ಊದುವಾಗ ನೋಡಿಯೇ ಇರಲಿಲ್ಲ.

ನೋಡಿದೆ. ಬಲಭಾಗ ನಡುಗುತ್ತದೆ, ಎಡಭಾಗ ಸುಮ್ಮನಿರುತ್ತದೆ. ಗಾಳಿ ಎಡಗಡೆಯಿಂದ ಸೋರುತ್ತದೆ. ಮೊದಲ ದಿನ ಐದು ನಿಮಿಷವೂ ಬರೀ ಉಸಿರು, ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂತೆ. ಎರಡನೆಯ ದಿನವೂ ಅಷ್ಟೆ. ಮೂರನೆಯ ದಿನ ಒಂದು ಕ್ಷಣ ಗುಂಯ್ ಎಂದಿತು, ಮತ್ತೆ ಸೋರಿತು.

7ನೇ ವಾರ

ಗುರುವಾರ ಬೆಳಗ್ಗೆ 6:40ಕ್ಕೆ ಮೌತ್‌ಪೀಸನ್ನು ಟ್ರಂಪೆಟ್ಟಿಗೆ ಹಾಕಿ ಊದಿದೆ. ಕೆಳಗಿನ ಸಿ ಸ್ವರ ಬಂತು. ನಾಲ್ಕು ಸೆಕೆಂಡು ಇತ್ತು.

ಕಣ್ಣು ತುಂಬಿಕೊಂಡವು, ಮುಂದೆ ಊದಲಾಗಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಅಮ್ಮ ಬಾಗಿಲಿಗೆ ಬಂದು ನಿಂತು, ಏನೂ ಹೇಳದೆ ವಾಪಸು ಹೋದಳು.

9ನೇ ವಾರ

ಈಗಿನ ಕ್ರಮ ಹೀಗಿದೆ. ಬೆಳಗ್ಗೆ ಎಂಟು ನಿಮಿಷ, ಸಂಜೆ ಎಂಟು ನಿಮಿಷ. ಒಂದು ಸ್ವರವನ್ನು ಎಷ್ಟು ಹೊತ್ತು ಹಿಡಿದೆನೋ ಅಷ್ಟೇ ಹೊತ್ತು ವಾದ್ಯವನ್ನು ತುಟಿಯಿಂದ ತೆಗೆದು ವಿಶ್ರಾಂತಿ. ಆದಷ್ಟು ಮೆಲ್ಲಗೆ. ಮೆಲ್ಲಗೆ ಊದುವುದೇ ಕಷ್ಟದ ಕೆಲಸ ಎಂಬುದು ಬ್ಯಾಂಡ್‌ಸೆಟ್ಟಿನಲ್ಲಿ ಬೆಳೆದ ನನಗೆ ಗೊತ್ತೇ ಇರಲಿಲ್ಲ. ಬೀದಿಯಲ್ಲಿ ಡ್ರಮ್ಮಿನ ಪಕ್ಕ ನಿಂತವನಿಗೆ ಜೋರು ಒಂದೇ ಗೊತ್ತಿರುವುದು. ಜೋರಾಗಿ ಊದಿದರೆ ಗಾಳಿಯ ರಭಸ ತುಟಿಯ ಕೊರತೆಯನ್ನು ಮುಚ್ಚಿಬಿಡುತ್ತದೆ. ಮೆಲ್ಲಗೆ ಊದಿದಾಗ ಎಡಭಾಗ ಏಳದಿದ್ದರೆ ತಕ್ಷಣ ಗೊತ್ತಾಗುತ್ತದೆ.

ಮೊಬೈಲಿನ ಟ್ಯೂನರ್ ಹಾಕಿಕೊಂಡು ನೋಡುತ್ತೇನೆ. ನಮ್ಮದು ಬಿ ಫ್ಲ್ಯಾಟ್ ಟ್ರಂಪೆಟ್, ಆದ್ದರಿಂದ ನಾವು ಸಿ ಎಂದು ಓದಿ ಊದುವ ಸ್ವರ ಹೊರಗೆ ಬಿ ಫ್ಲ್ಯಾಟ್ ಆಗಿ ಕೇಳುತ್ತದೆ. ಕೆಳಗಿನ ಸಿ ಸುಮಾರು 233 ಹರ್ಟ್ಸ್. ಅಂದರೆ ಒಂದು ಸೆಕೆಂಡಿನಲ್ಲಿ ತುಟಿ 233 ಸಲ ತೆರೆದು ಮುಚ್ಚುತ್ತದೆ. ಯಾವ ವಾಲ್ವನ್ನೂ ಒತ್ತದೆ, ತುಟಿಯನ್ನು ಸ್ವಲ್ಪ ಬಿಗಿಮಾಡಿ ಗಾಳಿಯ ವೇಗ ಹೆಚ್ಚಿಸಿದರೆ ಅದರ ಮೇಲಿನ ಜಿ ಸಿಗುತ್ತದೆ, ಅದು 349. ಇನ್ನೂ ಮೇಲೆ ನಡುವಿನ ಸಿ, 466. ಸದ್ಯಕ್ಕೆ ನನಗೆ ಕೆಳಗಿನ ಸಿ ಖಚಿತ, ಜಿ ಹತ್ತರಲ್ಲಿ ಆರು ಸಲ, ನಡುವಿನ ಸಿ ಇಲ್ಲ.

ಅಮ್ಮ ಸಂಗೀತ ಕಲಿತವಳಲ್ಲ. ಗೋಡೆಯ ಆಚೆಯಿಂದ ಅವಳು ಹೇಳುವುದು ಟ್ಯೂನರಿಗಿಂತ ನಿಖರ. "ನಿನ್ನೆಯದು ನೆಟ್ಟಗಿತ್ತು, ಇವತ್ತಿನದು ಕಾಲು ಎಳೆಯುತ್ತಿದೆ."

11ನೇ ವಾರ

ಇದು ಮುಖ್ಯ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನನ್ನ ತೊಡಕು ಬಲದ್ದಲ್ಲ, ಜಾಗದ್ದು. ಮೊದಲು ಮೌತ್‌ಪೀಸನ್ನು ತುಟಿಗೆ ತಂದ ಕ್ಷಣ ತುಟಿಗೇ ಗೊತ್ತಾಗುತ್ತಿತ್ತು, ಇದೇ ಜಾಗ ಎಂದು. ಕತ್ತಲಲ್ಲಿ, ಮಳೆಯಲ್ಲಿ, ಮೆರವಣಿಗೆಯ ನೂಕುನುಗ್ಗಲಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಈಗ ಆ ಕಡಲೆಕಾಳಿನಷ್ಟು ಜಾಗ ಮೂಕವಾಗಿದೆ. ಅಂಚು ಅಲ್ಲಿ ಕುಳಿತಿದೆಯೋ, ಕೂದಲೆಳೆಯಷ್ಟು ಜಾರಿದೆಯೋ ತಿಳಿಯುವುದಿಲ್ಲ. ಜಾರಿದ್ದರೆ ಸ್ವರ ಒಡೆಯುತ್ತದೆ. ಹಾಗಾಗಿ ದಿನವೂ ಕನ್ನಡಿಯ ಮುಂದೆ ನಿಂತು, ಅಳೆದು ನೋಡಿ, ತುಟಿಗಿಟ್ಟು, ತೆಗೆದು, ಮತ್ತೆ ಇಡುತ್ತಿದ್ದೆ. ಎಂಟು ನಿಮಿಷದಲ್ಲಿ ಐದು ನಿಮಿಷ ಇಡುವುದರಲ್ಲೇ ಹೋಗುತ್ತಿತ್ತು.

ನನಗೆ ಮೊದಲ ಪಾಠ ಹೇಳಿದ ಮೇಷ್ಟ್ರು ಈಗ ಎಪ್ಪತ್ತು ದಾಟಿದ್ದಾರೆ, ಊದುವುದು ಬಿಟ್ಟು ಬಹಳ ವರ್ಷವಾಯಿತು. ಶನಿವಾರ ಅವರ ಮನೆಗೆ ಹೋದೆ. ಕನ್ನಡಿಯನ್ನೂ ಉಂಗುರವನ್ನೂ ತೋರಿಸಿದೆ. ಅವರು ಉಂಗುರವನ್ನು ಕೈಯಲ್ಲಿ ತಿರುಗಿಸಿ ನೋಡಿ ಮೆಚ್ಚಿಕೊಂಡರು. ಕನ್ನಡಿಯನ್ನು ಮಾತ್ರ ಮೇಜಿನ ಮೇಲೆ ಮಗುಚಿ ಹಾಕಿದರು.

"ಆ ಮೂಲೆಗೆ ತಿರುಗಿ ನಿಲ್ಲು. ಎರಡು ಗೋಡೆ ಸೇರುವಲ್ಲಿಗೆ ಊದು."

ಊದಿದೆ. ಮೂಲೆಯಿಂದ ನಾದ ನೇರ ನನ್ನ ಕಿವಿಗೇ ಮರಳಿತು. ಹೊರಗೆ ಹೋಗುವ ನಾದವನ್ನು ಊದುವವನು ಸರಿಯಾಗಿ ಕೇಳಿಸಿಕೊಳ್ಳುವುದೇ ಇಲ್ಲ, ಅದು ಮುಂದೆ ನಿಂತವರಿಗೆ ಸೇರಿದ್ದು. ಮೂಲೆಗೆ ಊದಿದಾಗ ನನ್ನ ನಾದ ಹೇಗಿದೆ ಎಂದು ಗೊತ್ತಾಯಿತು: ಒಳಗೆ ಗಾಳಿ ಬೆರೆತು ಮಂಕಾಗಿತ್ತು.

"ಈಗ ಕಣ್ಣು ಮುಚ್ಚು. ಎಲ್ಲಿಟ್ಟಿದ್ದೀಯ ಎಂದು ಯೋಚಿಸಬೇಡ. ಸ್ವರ ಹಿಡಿದುಕೊಂಡೇ ಮೌತ್‌ಪೀಸನ್ನು ಒಂದಿಷ್ಟೇ ಆ ಕಡೆ, ಈ ಕಡೆ ಸರಿಸು. ಮಂಕು ಕಳೆದಲ್ಲಿ ನಿಲ್ಲಿಸು."

ಸರಿಸಿದೆ. ಬಲಕ್ಕೆ ಹೋದಾಗ ಇನ್ನಷ್ಟು ಸೋರಿತು. ಎಡಕ್ಕೆ ತಂದೆ, ಇನ್ನೂ ಸ್ವಲ್ಪ ತಂದೆ, ಕನ್ನಡಿಯಲ್ಲಿ ತಪ್ಪು ಎನಿಸುವಷ್ಟು ತಂದೆ. ಅಲ್ಲಿ ಸ್ವರ ಇದ್ದಕ್ಕಿದ್ದಂತೆ ತಿಳಿಯಾಯಿತು, ಕೊಡದ ನೀರು ಕದಡು ಇಳಿದು ತಳ ಕಂಡಂತೆ. ಮೇಷ್ಟ್ರು ಕುರ್ಚಿಯಿಂದ ಎದ್ದರು. "ಇದು ನಿನ್ನ ಹೊಸ ಜಾಗ. ಹಳೆಯದನ್ನು ಹುಡುಕಬೇಡ."

ಆ ಮಧ್ಯಾಹ್ನ ಒಟ್ಟು ಹನ್ನೆರಡು ನಿಮಿಷ ಊದಿರಬಹುದು. ಆರು ವಾರಗಳ ಕೆಲಸಕ್ಕಿಂತ ಅದು ದೊಡ್ಡದು. ಹೊಸ ಜಾಗ ಹಳೆಯದಕ್ಕಿಂತ ಸುಮಾರು ಎರಡು ಮಿಲಿಮೀಟರ್ ಎಡಕ್ಕಿದೆ. ಗಾಯದ ಗೆರೆ ಈಗ ಉಂಗುರದ ಒಳಗೆ ಬರುತ್ತದೆ, ಅಂಚಿನ ಕೆಳಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಬಹುಶಃ ಅದೇ ಕಾರಣ.

13ನೇ ವಾರ

ತಪ್ಪು ಮಾಡಿದೆ. ಬ್ಯಾಂಡಿನವರು ತಾಲೀಮಿಗೆ ಕರೆದರು, ಸುಮ್ಮನೆ ಕೂತು ಕೇಳಲು ಹೋದೆ. ಎರಡನೆಯ ಟ್ರಂಪೆಟ್ಟಿನ ಹುಡುಗ ಬಂದಿರಲಿಲ್ಲ. ನಲವತ್ತು ನಿಮಿಷ ಊದಿದೆ. ಊದುವಾಗ ಸ್ವರ್ಗದಲ್ಲಿದ್ದಂತೆ ಇತ್ತು. ಮರುದಿನ ಬೆಳಗ್ಗೆ ತುಟಿ ಬಾತು, ಗೆರೆಯ ಸುತ್ತ ಕೆಂಪಾಗಿತ್ತು.

ವೈದ್ಯರು ನೋಡಿ, ಗಾಯ ಬಿಟ್ಟಿಲ್ಲ, ಬರಿ ಊತ ಎಂದರು. ಒಂಬತ್ತು ದಿನ ಪೂರ್ತಿ ನಿಲ್ಲಿಸಿದೆ. ಬೇಡ ಎನ್ನಲು ಬಾಯಿ ಬಾರದೆ ಹೋಯಿತಲ್ಲ ಎಂಬುದೇ ನೋವು. ಇದನ್ನು ಓದುವವರು ಯಾರಾದರೂ ನನ್ನ ಸ್ಥಿತಿಯಲ್ಲಿದ್ದರೆ ಒಂದು ಕೇಳಿಕೊಳ್ಳುತ್ತೇನೆ: ತಾಲೀಮಿಗೆ ಹೋಗುವುದಾದರೆ ಮೌತ್‌ಪೀಸನ್ನು ಮನೆಯಲ್ಲೇ ಬಿಟ್ಟು ಹೋಗಿ.

15ನೇ ವಾರ

ಮತ್ತೆ ಎಂಟು ನಿಮಿಷದಿಂದ. ಟ್ರಂಪೆಟ್ಟಿನ ಮೇಲೆ ಬಲಗೈ ಕಿರುಬೆರಳಿಗೆ ಒಂದು ಕೊಕ್ಕೆ ಇರುತ್ತದೆ. ಮೇಲಿನ ಸ್ವರ ಬೇಕಾದಾಗ ಅದನ್ನು ಹಿಡಿದೆಳೆದು ತುಟಿಗೆ ಒತ್ತುವುದು ನನ್ನ ಹಳೆಯ ಚಟ. ಈಗ ಕಿರುಬೆರಳನ್ನು ಕೊಕ್ಕೆಯ ಮೇಲೆ, ಹೊರಗೆ, ಸಡಿಲವಾಗಿ ಇಡುತ್ತೇನೆ. ಎಳೆಯಲು ಹಿಡಿಯೇ ಸಿಗುವುದಿಲ್ಲ. ಮೊದಲ ವಾರ ನಡುವಿನ ಜಿಗಿಂತ ಮೇಲೆ ಒಂದೂ ಸ್ವರ ಬರಲಿಲ್ಲ. ಅಂದರೆ ಇಷ್ಟು ವರ್ಷ ಅದರ ಮೇಲಿನದನ್ನೆಲ್ಲ ನಾನು ತೋಳಿನಿಂದ ಊದಿದ್ದೆ.

18ನೇ ವಾರ

ನಡುವಿನ ಸಿ ಬಂತು, ಕೊಕ್ಕೆ ಹಿಡಿಯದೆ.

21ನೇ ವಾರ

'ಕಾಯೌ ಶ್ರೀ ಗೌರಿ' ಶುರು ಮಾಡಿದ್ದೇನೆ. ಬಸವಪ್ಪ ಶಾಸ್ತ್ರಿಗಳು ರಚಿಸಿದ, ಹಳೆಯ ಮೈಸೂರು ಸಂಸ್ಥಾನದ ಗೀತೆ. ದಸರಾ ಬಂತೆಂದರೆ ಈ ಊರಿನ ಕಿವಿಯಲ್ಲಿ ತಾನಾಗಿ ಕೇಳುವ ಧಾಟಿ. ಶಂಕರಾಭರಣದ್ದು, ಪಾಶ್ಚಾತ್ಯರ ಮೇಜರ್ ಸ್ಕೇಲಿಗೆ ಸರಿಸಮನಾದ ರಾಗ, ಆದ್ದರಿಂದ ಟ್ರಂಪೆಟ್ಟಿನ ಮೂರು ವಾಲ್ವಿಗೆ ತೊಡಕಿಲ್ಲದೆ ಕೂರುತ್ತದೆ. ನಾನು ಅದನ್ನು ಕೆಳಗಿನ ಸಿಯನ್ನೇ ಷಡ್ಜ ಮಾಡಿಕೊಂಡು, ಅರ್ಧ ವೇಗದಲ್ಲಿ, ಎರಡೆರಡು ಸಾಲಿಗೆ ನಿಲ್ಲಿಸಿ ಊದುತ್ತೇನೆ. ಹಿಂದೆ ಇದನ್ನು ನೂರಾರು ಸಲ ಊದಿದ್ದೇನೆ. ಸ್ವರಗಳ ನಡುವಿನ ಜಾರುಗಳನ್ನು ಒಂದೊಂದಾಗಿ ಕೇಳಿಸಿಕೊಂಡದ್ದು ಈಗಲೇ.

ಸ್ಪರ್ಶ ಸ್ವಲ್ಪ ಮರಳಿದೆ. ಕಡಲೆಕಾಳಿನಷ್ಟಿದ್ದ ಜಾಗ ಈಗ ಹೆಸರುಕಾಳಿನಷ್ಟು. ಅಂಚಿನಲ್ಲಿ ಇರುವೆ ಹರಿದಂತೆ ಚುಮುಚುಮು ಎನ್ನುತ್ತದೆ. ಉಳಿದದ್ದು ಬರುತ್ತದೆಯೋ ಇಲ್ಲವೋ ಎಂದು ಪ್ರತಿದಿನ ಮುಟ್ಟಿ ನೋಡುವುದನ್ನು ಬಿಟ್ಟಿದ್ದೇನೆ.

25ನೇ ವಾರ

ಬ್ಯಾಂಡಿಗೆ ಮರಳಿದೆ, ಮೂರನೆಯ ಟ್ರಂಪೆಟ್ಟಾಗಿ. ಮೊದಲನೆಯದು ನಾನು ಕಲಿಸಿದ ಹುಡುಗನದು. ಅವನು ಜಾಗ ಬಿಟ್ಟುಕೊಡಲು ಎದ್ದು ನಿಂತ. "ಅಣ್ಣಾ, ಇದು ನಿಮ್ಮದು" ಎಂದ. ಬೇಡ ಎಂದೆ. ಈ ಸಲ ಬೇಡ ಎನ್ನಲು ಬಾಯಿ ಬಂತು. ಮೂರನೆಯ ಭಾಗ ಹೆಚ್ಚಾಗಿ ನಡುವಿನ ಸಿಯ ಕೆಳಗೇ ಓಡಾಡುತ್ತದೆ. ಉದ್ದ ಸ್ವರಗಳು, ಮೇಲಿನವರಿಗೆ ಆಧಾರ ಕೊಡುವುದು. ಅವು ಅಲುಗಾಡಿದರೆ ಮೇಲಿನವರೆಲ್ಲ ಅಲುಗಾಡುತ್ತಾರೆ. ಈ ಭಾಗವನ್ನು ನಾನು ಹೊಸಬರಿಗೆ ಹಂಚಿ ಸುಮ್ಮನಾಗುತ್ತಿದ್ದೆ, ಅದು ಸರಿಯಲ್ಲ ಎಂದು ಈಗ ಅನಿಸುತ್ತದೆ.

28ನೇ ವಾರ

ನಿನ್ನೆ ನಮ್ಮ ಬಡಾವಣೆಯ ಗಣಪತಿ ವಿಸರ್ಜನೆ. ಆಪರೇಷನ್ ಆದ ಮೇಲೆ ಮೊದಲ ಮೆರವಣಿಗೆ. ಬ್ಯಾಂಡಿನವರ ಜೊತೆ ಮುಂಚೆಯೇ ಮಾತಾಗಿತ್ತು: ಹತ್ತು ನಿಮಿಷ ಊದುವುದು, ಹತ್ತು ನಿಮಿಷ ವಾದ್ಯ ಕಂಕುಳಲ್ಲಿಟ್ಟು ನಡೆಯುವುದು. ಮಳೆ ಹನಿಯುತ್ತಿತ್ತು. ಮೊದಲ ತಿರುವಿನಲ್ಲಿ ಡ್ರಮ್ಮಿನವರು ವೇಗ ಏರಿಸಿದಾಗ ಕಿರುಬೆರಳು ತಾನಾಗಿ ಕೊಕ್ಕೆಗೆ ಹೋಯಿತು. ತೆಗೆದೆ. ಎರಡನೆಯ ತಿರುವಿನಲ್ಲೂ ಹೋಯಿತು, ತೆಗೆದೆ. ಎರಡೂ ಕಡೆ ಮನೆಗಳಿರುವ ಇಕ್ಕಟ್ಟಾದ ಬೀದಿಗೆ ಬಂದಾಗ ನಾದ ಗೋಡೆಗಳಿಗೆ ತಾಗಿ ಮರಳಿತು, ಮೇಷ್ಟ್ರ ಮನೆಯ ಮೂಲೆಯಿಂದ ಮರಳಿದಂತೆ. ನನ್ನ ಸ್ವರವನ್ನು ಅಷ್ಟು ಗದ್ದಲದಲ್ಲೂ ಬೇರೆಯಾಗಿ ಗುರುತಿಸಿದೆ. ಮಂಕಿರಲಿಲ್ಲ.

ಎರಡು ಸ್ವರ ಒಡೆದವು, ಎರಡೂ ಕೊನೆಯ ಹತ್ತು ನಿಮಿಷದಲ್ಲಿ. ಒಟ್ಟು ಊದಿದ್ದು ಮೂವತ್ತೈದು ನಿಮಿಷ. ಮನೆಗೆ ಬಂದು ತಣ್ಣೀರಿನಲ್ಲಿ ಮುಖ ತೊಳೆದು ಕನ್ನಡಿ ನೋಡಿದೆ. ತುಟಿಯ ಮೇಲೆ ದುಂಡನೆಯ ಗುರುತು ತೆಳ್ಳಗೆ ಇತ್ತು. ಅಮ್ಮ ಅನ್ನ ಬಡಿಸಿ ಕರೆಯುವಷ್ಟರಲ್ಲಿ ಅಳಿಸಿಹೋಗಿತ್ತು.

ಇವತ್ತು ರಜೆ. ನಾಳೆ ಬೆಳಗ್ಗೆ ಮತ್ತೆ ಕೆಳಗಿನ ಸಿ, ಮೆಲ್ಲಗೆ, ಎಂಟು ನಿಮಿಷ. ದಸರೆಗೆ ಇನ್ನು ಮೂರು ವಾರವಿದೆ.